ಮನೆಯ ಹಣ, ಮನೆಯ ಜಾಗ, ಊರಿನ ಸಭೆ

ಇಂಗ್ಲೆಂಡಿನ ರಾಜಕೀಯವೆಂದೊಡನೆ ನಮ್ಮ ಕಿವಿಗೆ ಬೀಳುವುದು ಪಾರ್ಲಿಮೆಂಟಿನ ವಾಗ್ವಾದ, ಪ್ರಧಾನಮಂತ್ರಿಗಳ ಏಳುಬೀಳು, ಪಕ್ಷಗಳ ಸೋಲುಗೆಲವು. ಈ ಗದ್ದಲದಲ್ಲಿ ಆ ದೇಶದ ಸಾಮಾನ್ಯ ಕುಟುಂಬದ ಬಾಳನ್ನು ನಿಜವಾಗಿಯೂ ಮಾರ್ಪಡಿಸಿದ ಒಂದು ಸಂಗತಿ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಅದು ಬಡವರ ಮನೆಯ ಪ್ರಶ್ನೆ. ದುಡಿದು ತಿನ್ನುವವನಿಗೆ ಮನೆ ಒದಗಿಸುವ ಹೊಣೆ ಯಾರದು, ಅದರ ಬಾಡಿಗೆಯನ್ನು ಗೊತ್ತುಮಾಡತಕ್ಕವರು ಯಾರು, ಮಾಳಿಗೆ ಸೋರಿದರೆ ಯಾರ ಬಾಗಿಲಿಗೆ ಹೋಗಿ ಕೇಳಬೇಕು ಎಂಬ ಮಾತುಗಳ ಮೇಲೆ ಅಲ್ಲಿ ಮಂತ್ರಿಗಳು ಪದವಿ ಕಳೆದುಕೊಂಡಿದ್ದಾರೆ, ಪಕ್ಷಗಳು ಅಧಿಕಾರಕ್ಕೆ ಬಂದಿವೆ. ರಾಯಚೂರು, ದೇವದುರ್ಗ, ಮಾನ್ವಿಗಳ ಕಡೆಯ ಶ್ರೋತೃಗಳಿಗೆ ಇದರಿಂದ ಆಗಬೇಕಾದುದೇನು ಎಂದು ತಾವು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ.

ರಾಯಚೂರು ಸೀಮೆ ಇಂಗ್ಲಿಷರ ನೇರ ಆಡಳಿತದಲ್ಲಿದ್ದುದು ಏಳು ವರ್ಷ ಮಾತ್ರ. 1853ರ ಒಪ್ಪಂದದಂತೆ ನಿಜಾಮರು ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬನ್ನು ಕಂಪೆನಿಯವರಿಗೆ ಬಿಟ್ಟುಕೊಟ್ಟರು. 1860ರಲ್ಲಿ ಅದು ಅವರಿಗೆ ಮರಳಿತು. ಆದುದರಿಂದ 1882ರಲ್ಲಿ ವೈಸರಾಯರಾಗಿದ್ದ ಲಾರ್ಡ್ ರಿಪ್ಪನ್ನರು ಸ್ಥಳೀಯ ಸ್ವಯಮಾಡಳಿತವನ್ನು ಕುರಿತು ತಮ್ಮ ಹೆಸರಾದ ಠರಾವನ್ನು ಹೊರಡಿಸಿದಾಗ, ಅದರ ಫಲ ಬಳ್ಳಾರಿಗೂ ಧಾರವಾಡಕ್ಕೂ ದೊರೆಯಿತೇ ಹೊರತು ರಾಯಚೂರಿಗೆ ನೇರವಾಗಿ ದೊರೆಯಲಿಲ್ಲ. 1871ರಲ್ಲಿ ಮುಂಬಯಿಯಿಂದಲೂ ಮದರಾಸಿನಿಂದಲೂ ಬಂದ ರೈಲುದಾರಿಗಳು ರಾಯಚೂರಿನಲ್ಲಿಯೇ ಕೂಡಿದುವು. ಹತ್ತಿಯ ವ್ಯಾಪಾರ ಹೆಚ್ಚಿತು, ಊರು ಕೋಟೆಯಿಂದಾಚೆಗೆ ಹಬ್ಬಿತು. ರೈಲು ಬಂದಷ್ಟು ಬೇಗನೆ ಜನರು ಚುನಾಯಿಸಿದ ಸಭೆಗಳು ಬರಲಿಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ ಒಂದರಂದು ಮೈಸೂರು ರಾಜ್ಯವನ್ನು ಸೇರಿತು. ಊರಿನ ಮನೆವಾರ್ತೆಯನ್ನು ಊರಿನವರೇ ನೋಡಿಕೊಳ್ಳುವ ಅಭ್ಯಾಸ ಇಲ್ಲಿ ತಡವಾಗಿ ಬಂದ ಅಭ್ಯಾಸವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಈಗ ಇಂಗ್ಲೆಂಡಿಗೆ ಹೋಗೋಣ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಶೋರ್ಡಿಚ್ ಎಂಬ ಭಾಗದಲ್ಲಿ ಓಲ್ಡ್ ನಿಕಲ್ ಎಂಬ ಕೊಳೆಗೇರಿಯಿತ್ತು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಬೆಳಕಿಲ್ಲ, ಬಚ್ಚಲಿಲ್ಲ. 1890ರಲ್ಲಿ ಪಾರ್ಲಿಮೆಂಟು ಕೆಲಸಗಾರರ ವಸತಿಯನ್ನು ಕುರಿತ ಕಾಯಿದೆಯೊಂದನ್ನು ಮಾಡಿತು. ಅದರ ಬಲದಿಂದ ಲಂಡನ್ನಿನ ಕೌಂಟಿ ಕೌನ್ಸಿಲಿನವರು ಆ ಕೇರಿಯನ್ನು ಕೆಡವಿ, ಇಟ್ಟಿಗೆಯ ಅಂದವಾದ ಕಟ್ಟಡಗಳನ್ನು ಕಟ್ಟಿಸಿ, 1900ರಲ್ಲಿ ಯುವರಾಜರಿಂದ ಪ್ರಾರಂಭೋತ್ಸವ ಮಾಡಿಸಿದರು. ಕೆಡವಿದ ಗೋಡೆಗಳ ಕಲ್ಲುಮಣ್ಣನ್ನೇ ನಡುವೆ ದಿಬ್ಬವಾಗಿ ಒಟ್ಟಿ, ಅದರ ಮೇಲೆ ವಾದ್ಯ ನುಡಿಸುವ ಮಂಟಪವನ್ನು ನಿಲ್ಲಿಸಿದರು. ಅದು ಇಂದಿಗೂ ಇದೆ. ಆದರೆ ಕೇರಿ ಬಿಟ್ಟುಹೋದ ಐದು ಸಾವಿರಕ್ಕೂ ಮಿಕ್ಕ ಜನಗಳಲ್ಲಿ ಹೊಸ ಮನೆಗಳೊಳಕ್ಕೆ ಬಂದವರು ಬೆರಳಲ್ಲಿ ಎಣಿಸುವಷ್ಟು ಮಂದಿ. ಬಾಡಿಗೆ ಅವರ ಕೈಗೆಟುಕುವಂತಿರಲಿಲ್ಲ. ಹಳಬರು ಪಕ್ಕದ ಕೇರಿಗಳಿಗೆ ಹೋಗಿ ಅಲ್ಲಿಯ ಇಕ್ಕಟ್ಟನ್ನು ಹೆಚ್ಚಿಸಿದರು. ಯಾರಿಗಾಗಿ ಕಟ್ಟಿದರೋ ಅವರು ಒಳಕ್ಕೆ ಬಾರದ ಮನೆ ಎಂಬುದು ನಮ್ಮ ದೇಶದಲ್ಲಿ ಮಾತ್ರ ಕಾಣುವ ವಿಚಿತ್ರವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆ ಬೀದಿಗೆ ಬಂದಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣಕ್ಕೆ ಮದ್ದುಗುಂಡು, ಹಡಗುಗಳ ಕೆಲಸಕ್ಕಾಗಿ ಸಾವಿರಾರು ಜನ ಬಂದರು. ಮನೆಗಳು ಸಾಲದಾದುವು. ಮನೆಯೊಡೆಯರು ಬಾಡಿಗೆಯನ್ನು ಏರಿಸಿದರು. ಗಂಡಸರಲ್ಲಿ ಬಹುಮಂದಿ ಯುದ್ಧದಲ್ಲಿಯೋ ಕಾರ್ಖಾನೆಯಲ್ಲಿಯೋ ಇದ್ದರು. ಮನೆ ಬಿಡಿಸಲು ಬಂದ ಅಮೀನರನ್ನು ಎದುರಿಸಿದವರು ಹೆಂಗಸರು. ಮೇರಿ ಬಾರ್ಬರ್ ಎಂಬಾಕೆ ಅವರ ಮುಂದಾಳು. ಓಣಿಯಲ್ಲಿ ಗಂಟೆ ಬಾರಿಸಿದೊಡನೆ ಅಡುಗೆಮನೆಯಲ್ಲಿದ್ದವರೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಕ್ಕೆ ಬರುತ್ತಿದ್ದರು. ಅಮೀನನ ಮೈಮೇಲೆ ಹಿಟ್ಟು ಸುರಿಯುತ್ತಿತ್ತು. 1915ರ ನವೆಂಬರಿನಲ್ಲಿ ಬಾಡಿಗೆದಾರರನ್ನು ನ್ಯಾಯಾಲಯಕ್ಕೆ ಎಳೆದಾಗ ಹಡಗು ಕಟ್ಟುವವರೂ ಕೆಲಸ ನಿಲ್ಲಿಸಿ ಬಂದು ನಿಂತರು. ಆ ವರ್ಷ ಮುಗಿಯುವುದರೊಳಗಾಗಿ, ಚಿಕ್ಕ ಮನೆಗಳ ಬಾಡಿಗೆ ಯುದ್ಧಕ್ಕೆ ಮುಂಚೆ ಇದ್ದ ಮಟ್ಟವನ್ನು ಮೀರಕೂಡದೆಂದು ಪಾರ್ಲಿಮೆಂಟು ಕಾಯಿದೆ ಮಾಡಬೇಕಾಯಿತು.

ಬಾಡಿಗೆಯನ್ನು ತಡೆದರೆ ಖಾಸಗಿಯವರು ಹೊಸ ಮನೆ ಕಟ್ಟುವುದಿಲ್ಲ; ಕಟ್ಟದಿದ್ದರೆ ಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಸೂರಿಲ್ಲ. ಈ ಇಕ್ಕಟ್ಟಿನಲ್ಲಿ ಹುಟ್ಟಿದುದು 1919ರ ಕಾಯಿದೆ. ಅದನ್ನು ತಂದ ಆರೋಗ್ಯಮಂತ್ರಿ ಡಾಕ್ಟರ್ ಕ್ರಿಸ್ಟೊಫರ್ ಆಡಿಸನ್. ತಮ್ಮ ಊರಿನಲ್ಲಿ ಎಷ್ಟು ಮನೆ ಬೇಕೆಂದು ಲೆಕ್ಕಹಾಕಿ ಕಟ್ಟಿಸುವುದು ಪ್ರತಿಯೊಂದು ಸ್ಥಳೀಯ ಸಭೆಯ ಕರ್ತವ್ಯವೆಂದು ಈ ಕಾಯಿದೆ ವಿಧಿಸಿತು. ಊರಿನ ತೆರಿಗೆಯಲ್ಲಿ ಪೌಂಡಿಗೆ ಒಂದು ಪೆನ್ನಿಯಷ್ಟು ನಷ್ಟವನ್ನು ಕೌನ್ಸಿಲು ಹೊರಬೇಕು. ಅದಕ್ಕೆ ಮೀರಿದುದನ್ನು ಸರ್ಕಾರದ ಬೊಕ್ಕಸ ಹೊರಬೇಕು. ಐದು ಲಕ್ಷ ಮನೆಗಳ ಆಸೆ ಹುಟ್ಟಿಸಿದ್ದರು. ಸಾಮಾನುಗಳ ಬೆಲೆ ಮೇಲೆ ಹೋಯಿತು, 1921ರಲ್ಲಿ ಮಿತವ್ಯಯದ ಕೂಗೆದ್ದಿತು, ಆಡಿಸನ್ನರ ಪದವಿಯೂ ಹೋಯಿತು, ಯೋಜನೆಯೂ ಮೊಟಕಾಯಿತು. ಕಾಯಿದೆಯ ತತ್ತ್ವ ಮಾತ್ರ ಉಳಿಯಿತು. 1924ರಲ್ಲಿ ಗ್ಲಾಸ್ಗೋವಿನಿಂದಲೇ ಬಂದ ಕಾರ್ಮಿಕ ಪಕ್ಷದ ಮಂತ್ರಿ ಜಾನ್ ವೀಟ್ಲಿಯವರು ಅದಕ್ಕೆ ಜೀವ ತುಂಬಿದರು. ಎರಡನೆಯ ಮಹಾಯುದ್ಧವಾದ ಮೇಲೆ ಅನ್ಯೂರಿನ್ ಬೆವನ್ನರು, ಮನೆ ಎಷ್ಟು ಕಟ್ಟಿದೆವೆಂಬುದರಷ್ಟೇ ಎಂಥ ಮನೆ ಕಟ್ಟಿದೆವೆಂಬುದೂ ಮುಖ್ಯವೆಂದು ಹಟ ಹಿಡಿದು, ಕೌನ್ಸಿಲ್ ಮನೆಯ ಅಳತೆಯನ್ನು ಹೆಚ್ಚಿಸಿದರು. ಅವರ ಎದುರು ಪಕ್ಷದವರಾದ ಮ್ಯಾಕ್ಮಿಲನ್ನರು ಅಧಿಕಾರಕ್ಕೆ ಬಂದಾಗ ವರ್ಷಕ್ಕೆ ಮೂರು ಲಕ್ಷ ಮನೆಯೆಂದು ಪಣತೊಟ್ಟು, 1953ರಲ್ಲಿ ಅದನ್ನು ಮುಟ್ಟಿಸಿದರು. ಅಳತೆಯನ್ನು ಮಾತ್ರ ಕೊಂಚ ಕುಗ್ಗಿಸಿದರು. 1970ರ ದಶಕದ ಕೊನೆಯ ವೇಳೆಗೆ ಬ್ರಿಟನ್ನಿನ ಕುಟುಂಬಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥ ಮನೆಗಳಲ್ಲಿ ವಾಸವಾಗಿದ್ದುವು.

ಈ ಏರ್ಪಾಡಿನ ಒಳಗುಟ್ಟನ್ನು ಗಮನಿಸಬೇಕು. ಕೌನ್ಸಿಲಿಗೆ ಜಾಗವನ್ನು ಕೊಳ್ಳುವ ಅಧಿಕಾರವಿತ್ತು. ಒಡೆಯ ಒಪ್ಪದಿದ್ದರೆ ಬೆಲೆ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರವೂ ಇತ್ತು. ಸಾಲವೆತ್ತಬಹುದಾಗಿತ್ತು. ಕಟ್ಟಿದ ಮನೆ ಕೌನ್ಸಿಲಿನದೇ ಆದುದರಿಂದ ಬಾಡಿಗೆ ಬರುತ್ತಿತ್ತು, ಬಾಡಿಗೆಯಿಂದ ದುರಸ್ತಿ ನಡೆಯುತ್ತಿತ್ತು. ದುರಸ್ತಿ ನಡೆಯದಿದ್ದರೆ ಮುಂದಿನ ಚುನಾವಣೆಯಲ್ಲಿ ಆ ಕೇರಿಯ ಸದಸ್ಯನ ಗತಿ ನೆಟ್ಟಗಿರುತ್ತಿರಲಿಲ್ಲ. ಹೀಗೆ ಜಾಗ, ಹಣ, ಮನೆ, ಮತ ಈ ನಾಲ್ಕೂ ಒಂದೇ ಕಟ್ಟಿನಲ್ಲಿದ್ದುವು. ಅಂಗೈಯಷ್ಟು ನೆಲವಿಲ್ಲದವನಿಗೂ ಅಲ್ಲಿ ಅರ್ಜಿ ಹಾಕುವ ಹಕ್ಕಿತ್ತು.

1980ರಲ್ಲಿ ಶ್ರೀಮತಿ ಮಾರ್ಗರೆಟ್ ಥ್ಯಾಚರರ ಸರ್ಕಾರ ಈ ಕಟ್ಟನ್ನು ಬಿಚ್ಚಿತು. ಬಾಡಿಗೆಗಿದ್ದವರು ತಮ್ಮ ಮನೆಯನ್ನು ಪೇಟೆಯ ಬೆಲೆಗಿಂತ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೂ ಕಡಮೆಗೆ ಕೊಳ್ಳಬಹುದೆಂದು ಕಾಯಿದೆಯಾಯಿತು. ಇದನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾರೆ. ಮೂವತ್ತು ವರ್ಷ ಬಾಡಿಗೆ ಕೊಟ್ಟವನಿಗೆ ಬಾಗಿಲ ಬಣ್ಣವನ್ನು ತನ್ನ ಇಷ್ಟದಂತೆ ಬಳಿಯುವ ಸ್ವಾತಂತ್ರ್ಯ ಬೇಡವೆ? ಲಕ್ಷಾಂತರ ಕುಟುಂಬಗಳು ಸಂತೋಷದಿಂದ ಕೊಂಡುವು. ಕೇಡಾದುದು ಬೇರೆ ಕಡೆ. ಮಾರಿ ಬಂದ ಹಣದಿಂದ ಹೊಸ ಮನೆ ಕಟ್ಟಲು ಕೌನ್ಸಿಲುಗಳಿಗೆ ಸರ್ಕಾರ ಕೈಕಟ್ಟು ಹಾಕಿತು. ಅದೇ ದಶಕದಲ್ಲಿ ಊರಿನ ತೆರಿಗೆಯನ್ನು ಎಷ್ಟು ಏರಿಸಬೇಕೆಂಬುದಕ್ಕೂ ಮಿತಿ ಬಂದಿತು. 1986ರಲ್ಲಿ ಲಂಡನ್ ಮಹಾನಗರದ ಕೌನ್ಸಿಲನ್ನೇ ರದ್ದುಮಾಡಿದರು. ಕಾಲಕ್ರಮದಲ್ಲಿ ಮಾರಿದ ಮನೆಗಳಲ್ಲಿ ಅನೇಕವು ಮತ್ತೊಬ್ಬ ಒಡೆಯನ ಕೈಸೇರಿ, ಹೆಚ್ಚಿನ ಬಾಡಿಗೆಗೆ ಹೋದುವು. ಆ ಬಾಡಿಗೆ ಕೊಡಲಾರದವರಿಗೆ ಸರ್ಕಾರವೇ ಸಹಾಯಧನ ಕೊಡಬೇಕಾಯಿತು. ಒಂದು ಕೈಯಿಂದ ಅಗ್ಗಕ್ಕೆ ಮಾರಿದ ಮನೆಗೆ ಇನ್ನೊಂದು ಕೈಯಿಂದ ಬಾಡಿಗೆ ತೆತ್ತಂತಾಯಿತು. ಸ್ಕಾಟ್ಲೆಂಡು 2016ರಲ್ಲಿಯೂ ವೇಲ್ಸು 2019ರಲ್ಲಿಯೂ ಈ ಮಾರಾಟದ ಹಕ್ಕನ್ನು ನಿಲ್ಲಿಸಿಬಿಟ್ಟುವು.

2017ರ ಜೂನ್ 14ರ ರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಎಂಬ ಇಪ್ಪತ್ತನಾಲ್ಕು ಅಂತಸ್ತಿನ ಕೌನ್ಸಿಲ್ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಅಂದಕ್ಕೂ ಚಳಿಗೂ ಎಂದು ಗೋಡೆಯ ಹೊರಮೈಗೆ ಹೊದಿಸಿದ್ದ ಹಲಗೆಗಳೇ ಬೆಂಕಿಯನ್ನು ಮೇಲಕ್ಕೆ ಒಯ್ದುವು. ಕಟ್ಟಡದ ಅಪಾಯವನ್ನು ಕುರಿತು ಅಲ್ಲಿಯ ನಿವಾಸಿಗಳು ಮುಂಚಿತವಾಗಿಯೇ ದೂರಿದ್ದರು. ಕಟ್ಟಡ ಕೌನ್ಸಿಲಿನದಾಗಿದ್ದರೂ ಆಡಳಿತವನ್ನು ಬೇರೊಂದು ಸಂಸ್ಥೆಗೆ ವಹಿಸಿದ್ದರು. ದೂರು ಕೇಳಬೇಕಾದ ಕಿವಿ ಬಹಳ ದೂರ ಹೋಗಿಬಿಟ್ಟಿತ್ತು.

ಕಿವಿ ದೂರವಾದರೆ ಏನಾಗುವುದೆಂಬುದನ್ನು ನೋಡಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಆರಂಭವಾದ ಮಳೆ ಅಕ್ಟೋಬರಿನ ಮೊದಲ ದಿನಗಳವರೆಗೆ ಬಿಡದೆ ಹೊಡೆಯಿತು. ಕೃಷ್ಣೆ ತುಂಗಭದ್ರೆಗಳೆರಡೂ ದಂಡೆ ಮೀರಿದುವು. ಆಚೆಯ ದಡದಲ್ಲಿ ಮಂತ್ರಾಲಯ ನೀರಿನಲ್ಲಿ ನಿಂತಿತು, ಕರ್ನೂಲು ಪಟ್ಟಣ ಮುಳುಗಿತು. ನಮ್ಮ ಕಡೆಯಲ್ಲಿ ಮನೆಗಳನ್ನು ಕೆಡವಿದುದು ಹೊಳೆಯೊಂದೇ ಅಲ್ಲ. ಕಲ್ಲು ಮಣ್ಣಿನ ಗೋಡೆ, ಮೇಲೆ ದಪ್ಪನಾದ ಮಣ್ಣಿನ ಮಾಳಿಗೆ, ಇದು ಈ ಸೀಮೆಯ ಮನೆ. ಬೇಸಗೆಯಲ್ಲಿ ನಲವತ್ತು ಡಿಗ್ರಿ ಮೀರುವ ಬಿಸಿಲಿಗೆ ಇದಕ್ಕಿಂತ ತಕ್ಕ ಮನೆಯಿಲ್ಲ. ಆದರೆ ನಾಲ್ಕೈದು ದಿನ ಎಡೆಬಿಡದೆ ನೆನೆದರೆ ಮಾಳಿಗೆಯ ಮಣ್ಣು ನೀರು ಕುಡಿದು, ತೊಲೆ ತಾಳದೆ, ಮಲಗಿದವರ ಮೇಲೆ ಕುಸಿಯುತ್ತದೆ. ನದಿಯಿಂದ ದೂರವಿದ್ದ ಊರುಗಳಲ್ಲಿಯೂ ಹಾಗೆಯೇ ಆಯಿತು. ಆ ಮಳೆಯಲ್ಲಿ ರಾಜ್ಯದಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು.

ಆಗ ರಾಜ್ಯ ಸರ್ಕಾರ ‘ಆಸರೆ’ ಎಂಬ ಯೋಜನೆಯನ್ನು ಹೂಡಿತು. ಸರ್ಕಾರ ಎತ್ತರದ ಜಾಗವನ್ನು ಕೊಂಡುಕೊಡುವುದು, ದಾನಿಗಳಾದ ಕಂಪೆನಿಗಳು, ಮಠಗಳು, ಸಂಸ್ಥೆಗಳು ಮನೆ ಕಟ್ಟಿಸಿಕೊಡುವುದು. ಉದ್ದೇಶ ಒಳ್ಳೆಯದು, ದಾನವೂ ದೊಡ್ಡದು, ವೇಗವಾಗಿ ಕೆಲಸ ನಡೆದ ಕಡೆಗಳೂ ಉಂಟು. ಆದರೂ ಕಟ್ಟಿದ ಮನೆಗಳಲ್ಲಿ ಅನೇಕವು ಬೀಗ ಹಾಕಿದಂತೆಯೇ ಉಳಿದುವು. ಗಿಡಗಂಟಿ ಬೆಳೆದು ಬಾಗಿಲು ಕಿಟಕಿಗಳು ಕಳುವಾದ ಕಡೆಗಳೂ ಇವೆ. ಜನರನ್ನು ಕೃತಘ್ನರೆಂದು ಬೈಯುವುದು ಸುಲಭ. ಕಾರಣ ವಿಚಾರಿಸಿದರೆ ಬೇರೆ ಸಂಗತಿ ತಿಳಿಯುತ್ತದೆ. ಹೊಲ ಹಳೆಯ ಊರಿನ ಹತ್ತಿರ, ಮನೆ ದೂರದ ದಿಬ್ಬದ ಮೇಲೆ. ದನ ಕಟ್ಟಲು ಜಾಗವಿಲ್ಲ. ಜೋಳದ ಸೊಪ್ಪೆ ಒಟ್ಟಲು ಹಿತ್ತಲಿಲ್ಲ. ಮೂವರು ಅಣ್ಣತಮ್ಮಂದಿರಿರುವ ಕುಟುಂಬಕ್ಕೆ ಒಂದೇ ಮನೆ. ನೀರು, ದೀಪ, ದಾರಿ ಮನೆಯ ಹಿಂದೆಯೇ ಬರಲಿಲ್ಲ. ಇನ್ನೊಂದು ಕಾರಣ ಲೆಕ್ಕದ ಪುಸ್ತಕದಲ್ಲಿ ಸಿಕ್ಕುವುದಲ್ಲ. ಮಾನ್ವಿಯಲ್ಲಿ ಜಗನ್ನಾಥದಾಸರು ವಾಸವಾಗಿದ್ದ ಮನೆಯ ಕಂಬಕ್ಕೆ ಇಂದಿಗೂ ಪೂಜೆ ನಡೆಯುತ್ತದೆ. ದಾಸರು ಆ ಕಂಬದಲ್ಲಿ ಸನ್ನಿಹಿತರಾಗಿದ್ದಾರೆಂದು ಭಕ್ತರ ನಂಬಿಕೆ. ಕಂಬವನ್ನು ಹೀಗೆ ಕಾಣುವ ಜನಗಳಿಗೆ, ಊರದೇವತೆಯ ಗುಡಿಯನ್ನೂ ಹಿರಿಯರ ಸಮಾಧಿಯನ್ನೂ ಬಿಟ್ಟು ಸಾಲುಮನೆಗೆ ಬನ್ನಿರೆಂದು ಹೇಳುವ ಮುಂಚೆ ಒಂದು ಸಭೆ ಕರೆದು ಕೇಳಬೇಕಾಗಿತ್ತು. ಕೇಳಿದ ಕಡೆ ಜನ ಹೋದರು. ನಕ್ಷೆಯನ್ನು ಬೇರೆಡೆಯಿಂದ ತಂದ ಕಡೆ ಹೋಗಲಿಲ್ಲ.

ಪ್ರವಾಹದ ಮಾತು ಅಪೂರ್ವ ಪ್ರಸಂಗವಾಯಿತೆನ್ನಬಹುದು. ದಿನನಿತ್ಯದ ಪದ್ಧತಿಯನ್ನು ನೋಡೋಣ. ದೇವರಾಜ ಅರಸರ ಕಾಲದ ಜನತಾ ಮನೆ, 1985ರಲ್ಲಿ ಬಂದ ಇಂದಿರಾ ಆವಾಸ್, 1990ರ ದಶಕದ ಆಶ್ರಯ ಮನೆ, ಅನಂತರ ಅಂಬೇಡ್ಕರ್, ಬಸವ ಎಂಬ ಹೆಸರಿನ ವಸತಿ ಯೋಜನೆಗಳು, 2016ರಿಂದ ಪ್ರಧಾನಮಂತ್ರಿಗಳ ಹೆಸರಿನ ಗ್ರಾಮೀಣ ಆವಾಸ ಯೋಜನೆ, ಇವೆಲ್ಲ ಸೇರಿ ಲಕ್ಷಾಂತರ ಸೂರುಗಳಾಗಿವೆ. 2000ದಲ್ಲಿ ರಾಜ್ಯ ಸರ್ಕಾರ ಈ ಕೆಲಸಕ್ಕಾಗಿಯೇ ಒಂದು ನಿಗಮವನ್ನು ಸ್ಥಾಪಿಸಿತು. ಇಂಗ್ಲೆಂಡಿನಂತೆ ಇಲ್ಲಿ ಸಭೆ ಮನೆ ಕಟ್ಟಿ ಬಾಡಿಗೆಗೆ ಕೊಡುವುದಿಲ್ಲ. ಫಲಾನುಭವಿಯೇ ಕಟ್ಟಿಕೊಳ್ಳಬೇಕು, ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಛಾಯಾಚಿತ್ರ ತೆಗೆದು ಕಳುಹಿಸಿದ ಮೇಲೆ ಹಣದ ಕಂತು ಬರುತ್ತದೆ. 2016ರ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಗೊತ್ತುಮಾಡಿದ ಮೊತ್ತ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರು. ಮನೆ ತನ್ನದಾಗುತ್ತದೆ, ತನ್ನ ಇಷ್ಟದಂತೆ ಕಟ್ಟಬಹುದು ಎಂಬುದು ಈ ಪದ್ಧತಿಯ ಹೆಚ್ಚುಗಾರಿಕೆ. ಥ್ಯಾಚರರು ಕೊನೆಯಲ್ಲಿ ಕೊಟ್ಟುದನ್ನು ನಾವು ಮೊದಲಿಗೇ ಕೊಟ್ಟೆವೆಂದರೂ ಸಲ್ಲುತ್ತದೆ. ಕಂತು ತಡವಾದರೆ ಗೋಡೆಯ ಮಟ್ಟಕ್ಕೆ ಬಂದ ಮನೆ ಎರಡು ಮಳೆಗಾಲ ನೆನೆಯುತ್ತದೆ, ಫಲಾನುಭವಿ ಸಾಲಗಾರನಾಗುತ್ತಾನೆ. ಇದು ದೋಷ, ಆದರೆ ತಿದ್ದಬಹುದಾದ ದೋಷ.

ತಿದ್ದಲು ಕಷ್ಟವಾದುದು ಬೇರೊಂದಿದೆ. ಮನೆ ಕಟ್ಟಲು ಹಣ ಕೊಡುವ ಪದ್ಧತಿ, ಕಟ್ಟುವವನಿಗೆ ಜಾಗವಿದೆಯೆಂದು ಮೊದಲೇ ಭಾವಿಸಿಕೊಂಡಿರುತ್ತದೆ. ಜಾಗ ಅವನ ಹೆಸರಿನಲ್ಲಿರಬೇಕು, ಪಂಚಾಯತಿಯ ದಾಖಲೆಯಲ್ಲಿ ಬರೆದಿರಬೇಕು. ದೇವದುರ್ಗದ ಕಡೆ ಹೋದವರು ದೊಡ್ಡಿಗಳನ್ನು ನೋಡಿರುತ್ತಾರೆ. ಮೂಲ ಊರಿನಿಂದ ದೂರವಾಗಿ, ಹೊಲಗಳ ನಡುವೆ, ಗುಡ್ಡದ ಬುಡದಲ್ಲಿ, ಹತ್ತಾರು ಮನೆಗಳ ಗುಂಪು. ಹಾಗೆಯೇ ಲಂಬಾಣಿಗಳ ತಾಂಡಾಗಳು. ಅಲ್ಲಿ ಜನ ತಲೆಮಾರುಗಳಿಂದ ವಾಸವಾಗಿದ್ದರೂ ಅದು ಗ್ರಾಮಠಾಣಾದ ಹೊರಗಿನ ಭೂಮಿ. ಮನೆಯುಂಟು, ಮನೆಯ ಕಾಗದವಿಲ್ಲ. ಇಂಥ ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡಲು ಕಾಯಿದೆಯ ತಿದ್ದುಪಡಿಯಾಯಿತು. 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ ರಾಯಚೂರು ಸೇರಿದಂತೆ ಐದು ಜಿಲ್ಲೆಗಳ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳು ದೊರೆತುವು. ಇದು ಸಣ್ಣ ಮಾತಲ್ಲ. ಆದರೆ ಕಾಗದ ಸಿಕ್ಕಿದವರಿಗೆ ಮೊದಲು ಗುಡಿಸಲಾದರೂ ಇತ್ತು. ಅಣ್ಣನ ಪಡಸಾಲೆಯಲ್ಲಿ ಪರದೆ ಕಟ್ಟಿಕೊಂಡಿರುವ ತಮ್ಮನಿಗೆ, ಗಂಡ ಬಿಟ್ಟು ತವರಿಗೆ ಬಂದ ಹೆಣ್ಣುಮಗಳಿಗೆ ಯಾವ ಹಕ್ಕುಪತ್ರ ಕೊಡುತ್ತೀರಿ? ಇಂಗ್ಲೆಂಡಿನ ಕೌನ್ಸಿಲು ಮನೆಯನ್ನು ಕೊಡಲು ಮೊದಲು ಜಾಗವನ್ನು ಹುಡುಕಿತು. ನಾವು ಹಣವನ್ನು ಹುಡುಕಿದೆವು, ಜಾಗವನ್ನು ಬಡವನ ಪಾಲಿಗೆ ಬಿಟ್ಟೆವು.

ಇದರ ಮತ್ತೊಂದು ಮುಖ ಗುಳೆ. ಸುಗ್ಗಿ ಮುಗಿಯುತ್ತಲೇ ದೇವದುರ್ಗ ಮಾನ್ವಿಗಳಿಂದ ಸಂಸಾರಸಮೇತ ಜನ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಹೊರಡುತ್ತಾರೆ. 2002ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿ ಈ ಎರಡು ತಾಲೂಕುಗಳನ್ನೂ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿ ಹೆಸರಿಸಿತು. ಹೋದವರಲ್ಲಿ ಬಹುಮಂದಿಗೆ ಸಿಕ್ಕುವುದು ಮನೆ ಕಟ್ಟುವ ಕೂಲಿ. ಹಗಲೆಲ್ಲ ಇತರರಿಗಾಗಿ ಹತ್ತು ಅಂತಸ್ತಿನ ಮನೆ ಕಟ್ಟಿ, ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಇವರಿಗೆ ಬೇಕಾದುದು ಆ ಪಟ್ಟಣದಲ್ಲಿ ಆರು ತಿಂಗಳ ಮಟ್ಟಿಗೆ ನ್ಯಾಯವಾದ ಬಾಡಿಗೆಗೆ ಒಂದು ಕೋಣೆ, ಗ್ಲಾಸ್ಗೋವಿನ ಕೆಲಸಗಾರರಿಗೆ ಬೇಕಾಗಿದ್ದುದೂ ಅದೇ. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ಇವರೆಲ್ಲ ಮೂಟೆ ಹೊತ್ತು ಊರಿಗೆ ಮರಳಿದಾಗ ಬಾಡಿಗೆಮನೆಗಳ ಯೋಜನೆಯೊಂದನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಬಾಡಿಗೆಯ ಮನೆಯೂ ಸರ್ಕಾರದ ಕರ್ತವ್ಯಗಳಲ್ಲೊಂದೆಂಬ ಮಾತು ಅಷ್ಟರ ಮಟ್ಟಿಗೆ ನಮ್ಮಲ್ಲಿಯೂ ಹುಟ್ಟಿದೆ.

ಹಾಗಾದರೆ ಜಾಗವನ್ನು ಹುಡುಕತಕ್ಕವರು ಯಾರು? ಊರಿನ ಗಾಯರಾಣ ಎಷ್ಟಿದೆ, ಅದರಲ್ಲಿ ಒತ್ತುವರಿಯಾದುದೆಷ್ಟು, ಮಳೆಗೆ ನಿಲ್ಲದ ದಿಬ್ಬ ಯಾವುದು, ಯಾವ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತವೆ ಎಂಬುದು ಬೆಂಗಳೂರಿನ ಕಚೇರಿಗೆ ತಿಳಿಯುವುದಿಲ್ಲ, ಊರಿನ ಸಭೆಗೆ ತಿಳಿಯುತ್ತದೆ. ಈ ನಂಬಿಕೆಯಿಂದಲೇ ಅಬ್ದುಲ್ ನಜೀರ್ ಸಾಹೇಬರು 1983ರ ಪಂಚಾಯತಿ ಕಾಯಿದೆಯನ್ನು ತಂದುದು. ಊರೂರಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎನ್ನಿಸಿಕೊಂಡ ಅವರು, ನೀರಿನಂತೆಯೇ ಅಧಿಕಾರವೂ ಕೆಳಕ್ಕೆ ಹರಿಯಬೇಕೆಂದು ಎಣಿಸಿದ್ದರು. 1987ರಲ್ಲಿ ಆ ಕಾಯಿದೆಯಂತೆ ಚುನಾವಣೆ ನಡೆದು ಮಂಡಲ ಪಂಚಾಯತಿಗಳೂ ಜಿಲ್ಲಾ ಪರಿಷತ್ತುಗಳೂ ಹುಟ್ಟಿದುವು. 1993ರಲ್ಲಿ ಸಂವಿಧಾನದ ತಿದ್ದುಪಡಿ ಜಾರಿಗೆ ಬಂದು, ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯವಾಯಿತು. ಮನೆ ಯಾರಿಗೆ ಎಂಬುದನ್ನು ಗ್ರಾಮಸಭೆ ಆರಿಸಬೇಕೆಂದೂ ಬರೆದಿದೆ. ಆದರೆ ಎಷ್ಟು ಮನೆ ಎಂಬುದನ್ನು ಮೇಲಿನವರು ಗೊತ್ತುಮಾಡುತ್ತಾರೆ. ಹಣ ಮೇಲಿನದು, ನಕ್ಷೆಯ ನಿಯಮ ಮೇಲಿನದು. ಪಟ್ಟಣಗಳ ಆಶ್ರಯ ಸಮಿತಿಗಳಿಗೆ ಶಾಸಕರು ಅಧ್ಯಕ್ಷರಾಗುವ ಪದ್ಧತಿಯೂ ಬೆಳೆಯಿತು. ಇನ್ನೂರು ಹೆಸರುಗಳ ಮುಂದೆ ಹದಿನೈದು ಮನೆಗಳನ್ನಿಟ್ಟು ಆರಿಸಿರೆಂದರೆ ಆ ಸಭೆಯಲ್ಲಿ ಜಗಳವಾಗದೆ ಮತ್ತೇನಾದೀತು? 2021ರಲ್ಲಿ ರಾಜ್ಯದ ತಾಲೂಕು, ಜಿಲ್ಲಾ ಪಂಚಾಯತಿಗಳ ಅವಧಿ ಮುಗಿಯಿತು; ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯದೆ ಅಧಿಕಾರಿಗಳೇ ಆಳಿದರು. ಲಂಡನ್ನಿನ ಕೌನ್ಸಿಲನ್ನು ರದ್ದುಮಾಡಲು ಥ್ಯಾಚರರಿಗೆ ಪಾರ್ಲಿಮೆಂಟಿನ ಕಾಯಿದೆ ಬೇಕಾಯಿತು. ಇಲ್ಲಿ ಅಷ್ಟು ಶ್ರಮವೂ ಬೇಕಾಗಲಿಲ್ಲ.

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯವರ ಕಾಲದಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರ ಮೇಲೆ ಬರೆದಿದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿ ಗೀಚಿದ್ದಾರೆ. ಎಳೆದವರು ಆ ರಾತ್ರಿ ಎಲ್ಲಿ ಮಲಗಿದರೆಂಬುದನ್ನು ಯಾರೂ ಬರೆದಿಟ್ಟಿಲ್ಲ. ಈಗಿನವರು ಎಲ್ಲಿ ಮಲಗುತ್ತಾರೆಂಬುದನ್ನಾದರೂ ಬರೆದಿಡುವುದು ಸಾಧ್ಯ. ಕಾಯಿದೆಯಂತೆ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸೇರಿದಾಗ ಮನೆಯ ಪಟ್ಟಿಯನ್ನು ಓದುವ ಪದ್ಧತಿಯುಂಟು. ಜಾಗವಿಲ್ಲದವರ ಪಟ್ಟಿಯನ್ನು ಬೇರೆಯಾಗಿ ಓದಿರೆಂದೂ, ಅದರ ಜೊತೆಗೆ ಊರಿನ ಗಾಯರಾಣದ ಸರ್ವೆ ನಂಬರುಗಳನ್ನು ಓದಿರೆಂದೂ, ಗುಳೆ ಹೋದವರ ಹೆಸರನ್ನು ಅವರು ಇಲ್ಲವೆಂಬ ಕಾರಣಕ್ಕೆ ಹೊಡೆದುಹಾಕಬೇಡಿರೆಂದೂ ಕೇಳುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ಸಭೆಯನ್ನು ಜನ ಊರಿಗೆ ಮರಳಿರುವ ತಿಂಗಳಿನಲ್ಲಿ, ಮುಂಗಾರಿನ ಬಿತ್ತನೆಯ ಹೊತ್ತಿಗೆ, ದೊಡ್ಡಿ ತಾಂಡಾಗಳಲ್ಲಿಯೂ ಡಂಗುರ ಸಾರಿಸಿ ಕರೆದರೆ ಅಲ್ಲಿಗೆ ಬರುವವರು ಬೇರೆಯವರೇ ಆಗಿರುತ್ತಾರೆ.